ಹಳ್ಳಿಯ ಗಾಥಿಕ್ ಚರ್ಚ್ ನೋಡುವುದು ಹೇಗೆ? ಒಡೆದಿದ್ದರಿಂದ ಶುರು ಮಾಡಿ

ಇಂಗ್ಲೆಂಡಿನ ಯಾವ ಹಳ್ಳಿಗೆ ಹೋದರೂ ಮರಗಳ ಮೇಲೆ ಒಂದು ಚರ್ಚ್ ಗೋಪುರ ಕಾಣುತ್ತದೆ. ಪೂರ್ವದ ಸಫೋಕ್ ಕೌಂಟಿಯೊಂದರಲ್ಲೇ ಮಧ್ಯಯುಗದ ಚರ್ಚ್‌ಗಳು ಸುಮಾರು 500 ಇವೆ. ಶನಿವಾರ, ಭಾನುವಾರ ಆ ಕಡೆ ಸುತ್ತಲು ಹೋಗುವ ನಮ್ಮವರು ಒಳಗೆ ಇಣುಕುತ್ತಾರೆ. ಬಣ್ಣದ ಗಾಜಿನ ಫೋಟೋ ತೆಗೆಯುತ್ತಾರೆ. ಹತ್ತು ನಿಮಿಷಕ್ಕೆ ಹೊರಗೆ ಬರುತ್ತಾರೆ. ತಮಾಷೆ ಏನೆಂದರೆ, ಹಳ್ಳಿ ಚರ್ಚ್‌ಗಳಲ್ಲಿ ಫಳಫಳ ಹೊಳೆಯುವ ಆ ಗಾಜು ಬಹುಪಾಲು 19ನೇ ಶತಮಾನದ್ದು. ಆರುನೂರು ವರ್ಷ ಹಳೆಯದು ಅವರ ಬೆನ್ನ ಹಿಂದೆಯೇ ಇರುತ್ತದೆ, ನೋಡಿರುವುದಿಲ್ಲ.

ನನ್ನ ಸಲಹೆ ಇಷ್ಟೇ. ಚೆನ್ನಾಗಿರುವುದನ್ನು ಆಮೇಲೆ ನೋಡೋಣ, ಮೊದಲು ಕೆಟ್ಟಿರುವುದನ್ನು ಹುಡುಕಿ. ಕೆರೆದು ಹಾಕಿದ ಮುಖ, ಮುಚ್ಚಿದ ಬಾಗಿಲು, ಎಲ್ಲಿಗೂ ಹೋಗದ ಮೆಟ್ಟಿಲು, ಖಾಲಿ ಗೂಡು. ಈ ಕಟ್ಟಡಗಳಿಗೆ ಏನೇನಾಯಿತು ಅನ್ನುವುದು ಅಲ್ಲೇ ಗೊತ್ತಾಗುವುದು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ಕೂಡ ಗಾಥಿಕ್, ಅಂದರೆ ಚೂಪು ಕಮಾನಿನ, ಶೈಲಿಯದೇ. ಆದರೆ ಅದನ್ನು 1930ರ ದಶಕದಲ್ಲಿ ಒಂದೇ ನಕ್ಷೆ ಹಿಡಿದು ಕಟ್ಟಿದರು. ಇಂಗ್ಲೆಂಡಿನ ಹಳ್ಳಿ ಚರ್ಚ್‌ಗೆ ಹಾಗೆ ಒಂದು ನಕ್ಷೆ ಅಂತ ಇಲ್ಲ. ದುಡ್ಡು ಬಂದಾಗ ಕಟ್ಟಿದರು, ರಾಜ ಹೇಳಿದಾಗ ಒಡೆದರು, ಮಳೆ ಸೋರಿದಾಗ ತೇಪೆ ಹಾಕಿದರು.

ಈ ಲೇಖನಕ್ಕೆ ಸಫೋಕ್‌ನ ಬ್ಲೈತ್‌ಬರೋ ಹಳ್ಳಿಯ ಹೋಲಿ ಟ್ರಿನಿಟಿ ಚರ್ಚನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇಪ್ಸ್‌ವಿಚ್‌ನಿಂದ ಲೋಸ್ಟಾಫ್ಟ್ ಕಡೆ ಹೋಗುವ ಎ12 ರಸ್ತೆಯಿಂದಲೇ ಕಾಣುತ್ತದೆ. ಜೌಗು ನೆಲದ ಅಂಚಿನಲ್ಲಿ ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚ್ ಯಾಕೆ ಅನ್ನಿಸುತ್ತದೆ. ಒಂದು ಕಾಲಕ್ಕೆ ಇದು ನದಿ ಬಂದರು. ವ್ಯಾಪಾರ ಜೋರಾಗಿತ್ತು. ಆಮೇಲೆ ನದಿಯಲ್ಲಿ ಹೂಳು ತುಂಬಿತು, ಊರು ಬಡವಾಯಿತು. ಬಡತನದಿಂದ ಒಂದು ಉಪಕಾರವಾಯಿತು. ಮುಂದಿನ ಕಾಲದವರ ಹತ್ತಿರ ಇದನ್ನು "ಚೆಂದ ಮಾಡಲು" ದುಡ್ಡೇ ಇರಲಿಲ್ಲ.

ಹೊರಡುವ ಮುಂಚೆ

ಒಂದು ಸಣ್ಣ ಬೈನಾಕ್ಯುಲರ್ ಇಟ್ಟುಕೊಳ್ಳಿ. ಇದು ಶೋಕಿಗಲ್ಲ. ಒಳ್ಳೆಯ ಕೆತ್ತನೆ ಅರ್ಧಕ್ಕರ್ಧ ಚಾವಣಿಯಲ್ಲಿರುತ್ತದೆ. ಒಂದು ಟಾರ್ಚ್ ಕೂಡ ಬೇಕು. ಗೋಡೆಯ ಮೇಲೆ ಗೀಚಿದ ಗೆರೆಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದರೆ ಎದ್ದು ಬರುತ್ತವೆ. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ, ಒಳಗೆ ಚಳಿ ಜಾಸ್ತಿ.

ಎಷ್ಟೋ ಚರ್ಚ್‌ಗಳು ಹಗಲಿಡೀ ತೆರೆದಿರುತ್ತವೆ, ಕಾವಲಿಗೆ ಯಾರೂ ಇರುವುದಿಲ್ಲ. ಬೀಗ ಇದ್ದರೆ ಬಾಗಿಲ ಬಳಿಯ ಫಲಕದಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಅಂತ ಬರೆದಿರುತ್ತದೆ. ಸಂಕೋಚ ಬೇಡ, ಹೋಗಿ ಕೇಳಿ. ಭಾನುವಾರ ಬೆಳಗ್ಗೆ ಆರಾಧನೆಯ ಹೊತ್ತು ಮಾತ್ರ ತಪ್ಪಿಸಿ.

ಒಂದಿಷ್ಟು ಇಸವಿಗಳು

ಇಸವಿಗಳ ಕಾಟ ಇಲ್ಲಿಗೇ ಮುಗಿಸೋಣ. ಇಂಗ್ಲೆಂಡಿನ ಗಾಥಿಕ್‌ಗೆ ಮೂರು ಕಾಲ. ಹೆಸರು ಕೊಟ್ಟವನು ಥಾಮಸ್ ರಿಕ್‌ಮನ್. ಲಿವರ್‌ಪೂಲ್‌ನ ಇನ್ಶೂರೆನ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವನು, ರಜೆಯಲ್ಲಿ ಚರ್ಚ್ ನೋಡುತ್ತಾ ಶೈಲಿಗಳನ್ನು ವಿಂಗಡಿಸಿ 1817ರಲ್ಲಿ ಪ್ರಕಟಿಸಿದ. ಆ ಹೆಸರುಗಳೇ ಇವತ್ತಿಗೂ ಉಳಿದಿವೆ: ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್. ಮೊದಲನೆಯದು ಸುಮಾರು 1180ರಿಂದ, ಎರಡನೆಯದು 1275ರ ಆಸುಪಾಸಿನಿಂದ, ಮೂರನೆಯದು 1350ರ ಆಸುಪಾಸಿನಿಂದ 1540ರವರೆಗೆ.

ಒಡೆದ ಕಾಲ ಎರಡು. 1534ರಲ್ಲಿ ಎಂಟನೇ ಹೆನ್ರಿ ಪೋಪ್ ಜತೆ ಸಂಬಂಧ ಕಡಿದುಕೊಂಡ. ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ, ಅಂದರೆ 1547ರಿಂದ 1553ರ ಮಧ್ಯೆ, ಚರ್ಚ್‌ಗಳಿಂದ ವಿಗ್ರಹಗಳನ್ನು ಕಿತ್ತು ಹಾಕಿಸಿದರು. ಈ ಬದಲಾವಣೆಗೇ ಸುಧಾರಣೆ ಅನ್ನುತ್ತಾರೆ. ವಿಗ್ರಹಪೂಜೆ ತಪ್ಪು ಅನ್ನುವುದು ಸುಧಾರಕರ ವಾದ. ಎರಡನೆಯ ಸುತ್ತು 1640ರ ದಶಕದಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ. ಆಗ ಪಾರ್ಲಿಮೆಂಟ್ ಕಡೆಯಿಂದ ಅಧಿಕಾರ ಪಡೆದು ಸಫೋಕ್ ಮತ್ತು ಕೇಂಬ್ರಿಜ್‌ಶೈರ್ ಸುತ್ತಿದವನು ವಿಲಿಯಂ ಡೌಸಿಂಗ್. ಇನ್ನೂರಕ್ಕೂ ಹೆಚ್ಚು ಚರ್ಚ್‌ಗಳಿಗೆ ಹೋಗಿ ಎಲ್ಲೆಲ್ಲಿ ಏನೇನು ಒಡೆಸಿದೆ ಅಂತ ದಿನಚರಿಯನ್ನೂ ಬರೆದಿಟ್ಟ. ಒಡೆದವನೇ ಪಟ್ಟಿ ಮಾಡಿಟ್ಟಿದ್ದಾನೆ ನೋಡಿ, ಅಲ್ಲಿ ಏನಿತ್ತು ಅಂತ ತಿಳಿಯಲು ಇವತ್ತು ಅವನ ದಿನಚರಿಯನ್ನೇ ತೆಗೆಯಬೇಕು.

ಮೊದಲ ಹೆಜ್ಜೆ: ಹೊರಗಿನಿಂದ ಒಂದು ಸುತ್ತು

ಬಾಗಿಲು ಕಂಡ ಕೂಡಲೇ ಒಳಗೆ ನುಗ್ಗಬೇಡಿ. ಸುತ್ತಲೂ ಹುಲ್ಲಿನಲ್ಲಿ ಸಮಾಧಿ ಕಲ್ಲುಗಳಿರುತ್ತವೆ, ಅವುಗಳ ಮೇಲೆ ಕಾಲಿಡದೆ ಒಂದು ಸುತ್ತು ಬನ್ನಿ.

ಮೊದಲು ದಿಕ್ಕು. ಗೋಪುರ ಸಾಮಾನ್ಯವಾಗಿ ಪಶ್ಚಿಮಕ್ಕೆ, ಬಲಿಪೀಠ ಪೂರ್ವಕ್ಕೆ. ನಡುವೆ ಜನ ಸೇರುವ ಉದ್ದನೆಯ ಭಾಗಕ್ಕೆ ನೇವ್ ಅನ್ನುತ್ತಾರೆ. ಪೂರ್ವದ ತುದಿಯಲ್ಲಿ ಪಾದ್ರಿಗಳ ಭಾಗ, ಅದು ಚಾನ್ಸೆಲ್. ನೇವ್‌ನ ಎರಡು ಪಕ್ಕಕ್ಕೂ ಕಂಬಸಾಲಿನ ಆಚೆ ಐಲ್‌ಗಳು. ನೇವ್ ಮತ್ತು ಚಾನ್ಸೆಲ್ ಬೇರೆ ಬೇರೆ ಎತ್ತರ, ಬೇರೆ ಬೇರೆ ಶೈಲಿಯಲ್ಲಿದ್ದರೆ ಆಶ್ಚರ್ಯಪಡಬೇಡಿ. 13ನೇ ಶತಮಾನದಿಂದಲೇ ನೇವ್‌ನ ಖರ್ಚು ಊರಿನವರದು, ಚಾನ್ಸೆಲ್‌ನ ಖರ್ಚು ರೆಕ್ಟರ್‌ನದು, ಅಂದರೆ ಚರ್ಚ್‌ನ ಆದಾಯ ಪಡೆಯುತ್ತಿದ್ದ ಪಾದ್ರಿಯದು. ಊರಿನವರು ಶ್ರೀಮಂತರಾಗಿದ್ದು ರೆಕ್ಟರ್ ಜಿಪುಣನಾಗಿದ್ದರೆ ಕಟ್ಟಡದಲ್ಲೇ ಗೊತ್ತಾಗುತ್ತದೆ! ಈ ಚಾನ್ಸೆಲ್ ಖರ್ಚಿನ ಹೊಣೆ ಕೆಲವು ಜಮೀನುಗಳ ಜತೆ ಇವತ್ತಿಗೂ ಅಂಟಿಕೊಂಡಿದೆ. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್‌ಲೋ ಚರ್ಚ್‌ನ ಚಾನ್ಸೆಲ್ ರಿಪೇರಿ ಖರ್ಚು ಅಂಥ ಜಮೀನು ಹೊಂದಿದ್ದ ದಂಪತಿಯ ತಲೆಗೆ ಬಂದು, ವ್ಯಾಜ್ಯ 2003ರಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ದಂಪತಿ ಸೋತರು.

ಈಗ ಕಿಟಕಿ. ಕಾಲ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕಿರಿದಾಗಿ ಉದ್ದವಾಗಿ ತುದಿ ಚೂಪಾಗಿದ್ದರೆ ಅರ್ಲಿ ಇಂಗ್ಲಿಷ್. ಮೇಲ್ಭಾಗದಲ್ಲಿ ಕಲ್ಲಿನ ಬಳ್ಳಿ ಬಳುಕಿದಂತೆ, ಜ್ವಾಲೆ ಎದ್ದಂತೆ ಜಾಲರಿ ಇದ್ದರೆ ಡೆಕೊರೇಟೆಡ್. ಕಲ್ಲಿನ ಕಂಬಿಗಳು ಕೆಳಗಿನಿಂದ ಕಮಾನಿನ ತುದಿವರೆಗೆ ನೆಟ್ಟಗೆ ಹೋಗಿದ್ದರೆ, ಕಿಟಕಿ ಅಗಲವಾಗಿದ್ದರೆ ಪರ್ಪೆಂಡಿಕ್ಯುಲರ್. ಗುಂಡಾದ ಅರ್ಧವೃತ್ತದ ಕಮಾನು ಸಿಕ್ಕಿದರೆ ಅದು ಗಾಥಿಕ್‌ಗಿಂತ ಹಿಂದಿನ ನಾರ್ಮನ್ ಕಾಲದ್ದು. ಒಂದೇ ಚರ್ಚ್‌ನಲ್ಲಿ ನಾಲ್ಕೂ ಸಿಗಬಹುದು. ಬ್ಲೈತ್‌ಬರೋದಲ್ಲಿ ಗೋಪುರ 14ನೇ ಶತಮಾನದ್ದು, ಉಳಿದದ್ದು ಬಹುತೇಕ 15ನೇ ಶತಮಾನದ ಪರ್ಪೆಂಡಿಕ್ಯುಲರ್. ನೇವ್‌ನ ಮೇಲ್ಗೋಡೆಯಲ್ಲಿ ಉದ್ದಕ್ಕೂ ಸಾಲುಗಿಟಕಿ. ಅದಕ್ಕೇ ಒಳಗೆ ಅಷ್ಟು ಬೆಳಕು.

ಗೋಡೆಯನ್ನು ಹತ್ತಿರದಿಂದ ನೋಡಿ. ಸಫೋಕ್‌ನಲ್ಲಿ ಒಳ್ಳೆಯ ಕಟ್ಟಡ ಕಲ್ಲು ಸಿಗುವುದಿಲ್ಲ. ಸಿಗುವುದು ಹೊಲದ ಚಕಮಕಿ ಕಲ್ಲು, ಅಂದರೆ ಫ್ಲಿಂಟ್. ಅದನ್ನು ಒಡೆದರೆ ಒಳಗೆ ಕಪ್ಪಗೆ ಗಾಜಿನಂತೆ ಹೊಳೆಯುತ್ತದೆ. ಆ ಕಪ್ಪು ಮುಖವನ್ನು ಹೊರಗೆ ಮಾಡಿ, ದೂರದಿಂದ ತರಿಸಿದ ಬಿಳಿ ಸುಣ್ಣಕಲ್ಲಿನ ನಡುವೆ ಕೂರಿಸಿ ಅಕ್ಷರ, ಚಿತ್ತಾರ ಬರಿಸುತ್ತಿದ್ದರು. ಬ್ಲೈತ್‌ಬರೋದ ಪೂರ್ವ ಕಿಟಕಿಯ ಕೆಳಗೆ ಕಿರೀಟ ತೊಟ್ಟ ಅಕ್ಷರಗಳ ಸಾಲು ಹೀಗೇ ಮಾಡಿದ್ದು. ಅದಕ್ಕೆ ಅರ್ಥ ಹೇಳುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದೇ ಕೌಂಟಿಯ ಲಾಂಗ್ ಮೆಲ್ಫರ್ಡ್‌ನಲ್ಲಿ ಅಂಥ ಗೊಂದಲವಿಲ್ಲ. ಅಲ್ಲಿ ಉಣ್ಣೆಬಟ್ಟೆ ವ್ಯಾಪಾರಿಗಳು ದುಡ್ಡು ಕೊಟ್ಟ ತಮ್ಮ ಹೆಸರುಗಳನ್ನೇ ಗೋಡೆಯುದ್ದಕ್ಕೂ ಬರೆಸಿದ್ದಾರೆ, ನಮ್ಮ ಆತ್ಮಕ್ಕಾಗಿ ಪ್ರಾರ್ಥಿಸಿ ಅಂತ. ಸತ್ತ ಮೇಲೆ ಆತ್ಮ ಶುದ್ಧಿಯಾಗಲು ಯಾತನೆ ಪಡಬೇಕು, ಬದುಕಿದವರ ಪ್ರಾರ್ಥನೆಯಿಂದ ಆ ಅವಧಿ ಕಡಿಮೆಯಾಗುತ್ತದೆ ಅನ್ನುವ ನಂಬಿಕೆ ಇತ್ತು. ಈ ದೊಡ್ಡ ದೊಡ್ಡ ಚರ್ಚ್‌ಗಳು ಎದ್ದಿದ್ದರ ಹಿಂದೆ ಆ ಭಯದ ಪಾಲು ದೊಡ್ಡದು.

ಸುತ್ತು ಬರುವಾಗ ಹುಡುಕಬೇಕಾದ ಗುರುತು ಮೂರು. ಒಂದು, ಗೋಪುರದ ಪೂರ್ವ ಮುಖದ ಮೇಲೆ, ನೇವ್ ಚಾವಣಿಗಿಂತ ಮೇಲೆ, ಎರಡು ಓರೆ ಗೆರೆ ಕೂಡಿದ ಗುರುತು ಇದೆಯೇ? ಹಳೆಯ ಕಡಿದಾದ ಚಾವಣಿ ಅಲ್ಲಿ ತಾಗಿತ್ತು. ಹುಲ್ಲು ಹೊದಿಸಲು ಇಳಿಜಾರು ಜಾಸ್ತಿ ಬೇಕು, ಸೀಸದ ತಗಡಿಗೆ ಬೇಡ. ಹುಲ್ಲು ಹೋಗಿ ಸೀಸ ಬಂದಾಗ ಎಷ್ಟೋ ಕಡೆ ಚಾವಣಿ ಚಪ್ಪಟೆಯಾಯಿತು. ಎರಡು, ಉತ್ತರದ ಗೋಡೆಯಲ್ಲಿ ಕಲ್ಲಿಟ್ಟು ಮುಚ್ಚಿದ ಬಾಗಿಲು. ದೆವ್ವ ಹೊರಗೆ ಹೋಗುವ ಬಾಗಿಲು ಅಂತ ಯಾರಾದರೂ ಕಥೆ ಹೇಳಿದರೆ ನಕ್ಕು ಸುಮ್ಮನಾಗಿ. ಹಬ್ಬದ ಮೆರವಣಿಗೆಗಳು ಓಡಾಡುತ್ತಿದ್ದ ಬಾಗಿಲು ಅದು. ಸುಧಾರಣೆಯಾದ ಮೇಲೆ ಮೆರವಣಿಗೆ ನಿಂತಿತು, ಬಾಗಿಲಿನಿಂದ ಚಳಿಗಾಳಿ ಬರುವುದಷ್ಟೇ ಉಳಿಯಿತು, ಮುಚ್ಚಿದರು. ಮೂರು, ದಕ್ಷಿಣದ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಸಣ್ಣ ತೂತು, ಅದರಿಂದ ಬೀಸಣಿಗೆಯಂತೆ ಹೊರಟ ಗೆರೆಗಳು. ತೂತಿಗೆ ಕಡ್ಡಿ ಸಿಕ್ಕಿಸಿ ನೆರಳು ನೋಡಿ ಬಲಿಪೂಜೆಯ, ಅಂದರೆ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಆರಾಧನೆಯ, ಹೊತ್ತು ತಿಳಿಯುತ್ತಿದ್ದರು.

ಎರಡನೆಯದು: ಮುಖಮಂಟಪ, ಬಾಗಿಲು

ದಕ್ಷಿಣದ ಮುಖಮಂಟಪ ಬರೀ ಮಳೆಗೆ ನಿಲ್ಲುವ ಜಾಗವಲ್ಲ. ಮದುವೆಯ ಮೊದಲ ಭಾಗ ಇಲ್ಲಿ ಬಾಗಿಲಲ್ಲೇ ನಡೆಯುತ್ತಿತ್ತು. ಊರಿನ ಲೇವಾದೇವಿ, ಮಾತುಕತೆಯೂ ಇಲ್ಲೇ. ಬಾಗಿಲ ಪಕ್ಕದ ಗೋಡೆಯಲ್ಲಿ ಒಡೆದ ಕಲ್ಲಿನ ಬಟ್ಟಲೊಂದು ಇರಬಹುದು. ಒಳಗೆ ಹೋಗುವವರು ಅದರ ಪವಿತ್ರ ನೀರಿಗೆ ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಅದರ ಅಂಚು ಒಡೆದಿದ್ದರೆ ಹೆಚ್ಚಾಗಿ ಸುಧಾರಕರ ಕೆಲಸ.

ಬ್ಲೈತ್‌ಬರೋದಲ್ಲಿ ಎಲ್ಲರೂ ಕೇಳುವುದು ಉತ್ತರ ಬಾಗಿಲನ್ನು. 1577ರ ಆಗಸ್ಟ್ 4, ಭಾನುವಾರ, ಆರಾಧನೆ ನಡೆಯುವಾಗ ಭಾರಿ ಬಿರುಗಾಳಿ ಬಂತು. ಸಿಡಿಲು ಹೊಡೆದು ಗೋಪುರದ ಮೇಲಿನ ಚೂಪು ಶಿಖರ ಚಾವಣಿ ಮುರಿದು ಒಳಗೆ ಬಿತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಅದೇ ದಿನ ಹತ್ತಿರದ ಬಂಗೇ ಊರಲ್ಲೂ ಸಿಡಿಲಿನ ಅನಾಹುತ. ಕಪ್ಪು ನಾಯಿಯ ರೂಪದಲ್ಲಿ ಸೈತಾನ ನುಗ್ಗಿ ಬಂದ ಅನ್ನುವ ಕಥೆ ಹುಟ್ಟಿಕೊಂಡಿತು. ಬಾಗಿಲ ಮೇಲಿನ ಸುಟ್ಟ ಗುರುತು ಅದರ ಉಗುರಿನದು ಅನ್ನುತ್ತಾರೆ. ಹಳೆಯ ಮರದ ಮೇಲೆ ಇಂಥ ಗುರುತು ಇಂಗ್ಲೆಂಡಿನ ಹಲವು ಕಟ್ಟಡಗಳಲ್ಲಿದೆ. ಮೇಣದಬತ್ತಿಯ ಜ್ವಾಲೆಯನ್ನು ಬೇಕೆಂದೇ ಹಿಡಿದು, ಕೆಡುಕು ತಾಗದಿರಲಿ ಅಂತ ಸುಡುತ್ತಿದ್ದರು ಅನ್ನುವ ವಿವರಣೆ ನನಗೆ ಜಾಸ್ತಿ ಒಪ್ಪುತ್ತದೆ. ಸಿಡಿಲು ಮಾತ್ರ ನಿಜ.

ಮೂರನೆಯದು: ಒಳಗೆ ಹೋದ ಕೂಡಲೇ ತೊಟ್ಟಿ

ದೀಕ್ಷಾಸ್ನಾನದ ತೊಟ್ಟಿ ಪಶ್ಚಿಮದಲ್ಲಿ, ಬಾಗಿಲ ಹತ್ತಿರ ಇರುತ್ತದೆ. ಮಗು ಸಭೆಯೊಳಗೆ ಸೇರುವುದು ಇಲ್ಲಿಂದ, ಹಾಗಾಗಿ ಜಾಗವೂ ಬಾಗಿಲ ಬಳಿಯೇ. ತೊಟ್ಟಿಯ ಅಂಚಿನಲ್ಲಿ ಕಬ್ಬಿಣ ಕಿತ್ತ ಗುಂಡಿ ಅಥವಾ ತುಂಡಾದ ಕಲ್ಲು ಇದೆಯೇ ನೋಡಿ. ಅದು ಬೀಗದ ಜಾಗ. ಮಂತ್ರಿಸಿದ ನೀರನ್ನು ಮಾಟಕ್ಕೆ ಕದಿಯುತ್ತಾರೆ ಅಂತ, ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕು ಅನ್ನುವ ಆಜ್ಞೆ 1236ರಲ್ಲಿ ಬಂದಿತ್ತು.

ಪೂರ್ವ ಇಂಗ್ಲೆಂಡಿನ ವಿಶೇಷ ಎಂಟು ಮೂಲೆಯ ಏಳು ಸಂಸ್ಕಾರದ ತೊಟ್ಟಿ. ಏಳು ಮುಖಗಳಲ್ಲಿ ಒಂದೊಂದು ಸಂಸ್ಕಾರದ ಕೆತ್ತನೆ: ದೀಕ್ಷಾಸ್ನಾನ, ದೃಢೀಕರಣ, ಬಲಿಪೂಜೆ, ಪಾಪನಿವೇದನೆ, ಮದುವೆ, ಗುರುದೀಕ್ಷೆ, ಸಾವಿನ ಹಾಸಿಗೆಯಲ್ಲಿ ಎಣ್ಣೆ ಹಚ್ಚುವುದು. ಎಂಟನೆಯದರಲ್ಲಿ ಹೆಚ್ಚಾಗಿ ಶಿಲುಬೆಯ ಮೇಲಿನ ಯೇಸು. ಇಂಥವು ನಲವತ್ತರಷ್ಟು ಉಳಿದಿವೆ, ಬಹುಪಾಲು ನಾರ್ಫೋಕ್ ಮತ್ತು ಸಫೋಕ್‌ನಲ್ಲಿ. ಬ್ಲೈತ್‌ಬರೋದ್ದು ಇದೇ ಜಾತಿಯದು, ಆದರೆ ಒಂದು ಮುಖವೂ ಉಳಿದಿಲ್ಲ. ನುಣ್ಣಗೆ ಉಳಿಯಿಂದ ಕೆರೆದಿದ್ದಾರೆ. ಸುಧಾರಕರು ಒಪ್ಪಿದ ಸಂಸ್ಕಾರಗಳು ಎರಡೇ, ದೀಕ್ಷಾಸ್ನಾನ ಮತ್ತು ಪ್ರಭು ಭೋಜನ (ಬಲಿಪೂಜೆಯ ಬದಲಿಗೆ ಅವರು ಇಟ್ಟುಕೊಂಡದ್ದು). ಕೆರೆಯುವಾಗ ಮಿಕ್ಕ ಐದರ ಜತೆ ಈ ಎರಡರ ಕೆತ್ತನೆಯೂ ಹೋಯಿತು. ತೊಟ್ಟಿ ಮಾತ್ರ ಬೇಕಿತ್ತು, ಮಕ್ಕಳು ಹುಟ್ಟುತ್ತಲೇ ಇರುತ್ತಾರಲ್ಲ. ಕೆರೆಯದೆ ಉಳಿದದ್ದು ಹೇಗಿರುತ್ತದೆ ಅಂತ ನೋಡಬೇಕಾದರೆ ಬ್ಯಾಡಿಂಗಮ್ ಅಥವಾ ಲ್ಯಾಕ್ಸ್‌ಫೀಲ್ಡ್‌ಗೆ ಹೋಗಿ.

ತೊಟ್ಟಿಯ ಮುಚ್ಚಳವೇ ನೋಡಬೇಕೆಂದರೆ ವುಡ್‌ಬ್ರಿಜ್ ಹತ್ತಿರದ ಅಫರ್ಡ್. ಮರದ ಸೂಕ್ಷ್ಮ ಕೆತ್ತನೆ, ಸುಮಾರು 18 ಅಡಿ ಎತ್ತರ, ತುದಿಯಲ್ಲಿ ಪೆಲಿಕನ್ ಹಕ್ಕಿ. ಡೌಸಿಂಗ್ 1644ರಲ್ಲಿ ಎರಡು ಸಲ ಬಂದ. ಊರಿನವರು ಬೀಗದ ಕೈ ಕೊಡದೆ ಕಾಯಿಸಿದರು. ಅವನೇ ದಿನಚರಿಯಲ್ಲಿ ಆ ಮುಚ್ಚಳವನ್ನು ಪೋಪ್‌ನ ಕಿರೀಟಕ್ಕೆ ಹೋಲಿಸಿ, ವೈಭವದ್ದು ಅಂತ ಬರೆದಿದ್ದಾನೆ. ಅದು ಇವತ್ತಿಗೂ ಇದೆ.

ನಾಲ್ಕನೆಯದು: ತಲೆ ಎತ್ತಿ

ನೇವ್‌ನ ನಡುವೆ ಬೆಂಚಿನ ಮೇಲೆ ಕುಳಿತು ಬೈನಾಕ್ಯುಲರ್ ತೆಗೆಯಿರಿ. ಇಂಗ್ಲೆಂಡಿನ ಹಳ್ಳಿ ಚರ್ಚ್‌ಗಳಲ್ಲಿ ಕಲ್ಲಿನ ಚಾವಣಿ ಅಪರೂಪ, ಓಕ್ ಮರದ್ದೇ ಹೆಚ್ಚು. ಸಫೋಕ್‌ನ ಬಡಗಿಗಳು ಅದರಲ್ಲಿ ನಿಪುಣರು. ಗೋಡೆಯಿಂದ ಮೋಟು ತೊಲೆ ಚಾಚಿಸಿ, ಅದರ ಮೇಲೆ ಕಮಾನು ನಿಲ್ಲಿಸಿ, ನಡುವೆ ಅಡ್ಡತೊಲೆಯೇ ಇಲ್ಲದೆ ಅಗಲ ದಾಟಿಸುವ ಹ್ಯಾಮರ್‌ಬೀಮ್ ಚಾವಣಿಯನ್ನು ವುಲ್ಪಿಟ್‌ನಲ್ಲಿ, ನೀಡಮ್ ಮಾರ್ಕೆಟ್‌ನಲ್ಲಿ ನೋಡಬಹುದು.

ಬ್ಲೈತ್‌ಬರೋದ ಚಾವಣಿ ಅಷ್ಟು ಸರ್ಕಸ್ ಮಾಡುವುದಿಲ್ಲ. ಹೆಚ್ಚುಕಡಿಮೆ ಚಪ್ಪಟೆ. ಆದರೆ ನಡುತೊಲೆಯುದ್ದಕ್ಕೂ ರೆಕ್ಕೆ ಹರಡಿದ ದೇವದೂತರು. ತೊಲೆಗಳ ಮೇಲೆ ಮಧ್ಯಯುಗದ ಬಣ್ಣವೇ ಇದೆ. ಮಾಸಿದ ಬಿಳಿಯ ಮೇಲೆ ಕೆಂಪು, ಹಸಿರು ಹೂವು, ಯೇಸುವಿನ ಹೆಸರಿನ ಅಕ್ಷರ. ಹೊಸದಾಗಿ ಬಳಿದ ಎಷ್ಟೋ ಚಾವಣಿಗಳಿಗಿಂತ ಈ ಮಾಸಲು ಬಣ್ಣವೇ ನನಗಿಷ್ಟ. 1644ರ ಏಪ್ರಿಲ್ 9ರಂದು ಡೌಸಿಂಗ್ ಇಲ್ಲಿಗೆ ಬಂದು 20 ದೇವದೂತರನ್ನು ಇಳಿಸಬೇಕು ಅಂತ ಅಪ್ಪಣೆ ಕೊಟ್ಟ. ಇಷ್ಟು ಎತ್ತರಕ್ಕೆ ಏಣಿ ಹಾಕುವ ಉತ್ಸಾಹ ಊರಲ್ಲಿ ಯಾರಿಗೂ ಇರಲಿಲ್ಲ ಅಂತ ಕಾಣುತ್ತದೆ.

ರೆಕ್ಕೆಗಳಲ್ಲಿ ಸೀಸದ ಚಿಕ್ಕ ಗುಂಡುಗಳು ಸಿಕ್ಕಿದ್ದವು. ಡೌಸಿಂಗ್ ಕಡೆಯವರು ಗುಂಡು ಹೊಡೆದರು ಅಂತ ಬಹಳ ಕಾಲ ಹೇಳುತ್ತಿದ್ದರು. ಗುಂಡುಗಳು 18ನೇ ಶತಮಾನದವು. ಚಾವಣಿಯಲ್ಲಿ ಗೂಡು ಕಟ್ಟುತ್ತಿದ್ದ ಜ್ಯಾಕ್‌ಡಾ ಕಾಗೆಗಳಿಗೆ ಹೊಡೆದದ್ದು.

ಐದನೆಯದು: ಬೆಂಚಿನ ತುದಿಗಳು

ಮೊದಮೊದಲು ಜನರಿಗೆ ಕೂರಲು ಏನೂ ಇರಲಿಲ್ಲ. ವಯಸ್ಸಾದವರು ಗೋಡೆಯ ಬುಡದ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದರು. ಬೆಂಚುಗಳು ಜಾಸ್ತಿಯಾದದ್ದು 15ನೇ ಶತಮಾನದಲ್ಲಿ. ಆಗ ಬಡಗಿಗಳಿಗೆ ಬೆಂಚಿನ ತುದಿಯೇ ಆಟದ ಮೈದಾನವಾಯಿತು. ಬ್ಲೈತ್‌ಬರೋದಲ್ಲಿ ಸಾಲಾಗಿ ನಡೆದು ಒಂದೊಂದನ್ನೂ ನೋಡಿ. ಸೋಮಾರಿ ಹಾಸಿಗೆಯಲ್ಲೇ ಕೂತಿದ್ದಾನೆ. ಹೊಟ್ಟೆಬಾಕ ಡೊಳ್ಳುಹೊಟ್ಟೆ ಹಿಡಿದುಕೊಂಡಿದ್ದಾನೆ. ಜಿಪುಣ ದುಡ್ಡಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಾನೆ. ಚಾಡಿಕೋರನ ನಾಲಿಗೆ ಹೊರಗಿದೆ. ಪಾದ್ರಿ ಉಪದೇಶ ಎಳೆದಾಗ ಜನ ಇವನ್ನೇ ನೋಡುತ್ತಿದ್ದರು ಅನ್ನುವುದರಲ್ಲಿ ಅನುಮಾನವೇ ಬೇಡ. ಬಿತ್ತನೆ, ಕೊಯ್ಲಿನ ಕೆತ್ತನೆಗಳೂ ಇವೆ.

ಚಾನ್ಸೆಲ್ ಕಡೆಯ ಆಸನಗಳನ್ನು ಬಿಡಬೇಡಿ. ಮುಂಭಾಗದಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರ ಸಾಲು, ಮೇಲ್ಭಾಗದಲ್ಲಿ ಮಸಿಕುಡಿಕೆಯ ತೂತುಗಳು! ಒಂದು ಕಾಲಕ್ಕೆ ಇಲ್ಲಿ ಶಾಲೆ ನಡೆಯುತ್ತಿತ್ತು. ಡಿರ್ಕ್ ಅನ್ನುವ ಹುಡುಗ ತನ್ನ ಹೆಸರು, ಊರು ಸ್ಟಾಕ್‌ಹೋಮ್, ಇಸವಿ 1665 ಎಲ್ಲ ಕೆತ್ತಿ ಹೋಗಿದ್ದಾನೆ. ಚರ್ಚ್‌ನಲ್ಲಿ 1682ರ ಮರದ ಗೊಂಬೆಯೊಂದಿದೆ, ಗಂಟೆ ಹೊಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಆರನೆಯದು: ಇಲ್ಲದಿರುವ ಶಿಲುಬೆ

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೇವ್ ಮುಗಿದು ಚಾನ್ಸೆಲ್ ಶುರುವಾಗುವ ಕಮಾನಿನ ಮುಂದೆ ನಿಲ್ಲಿ. ಮಧ್ಯಯುಗದಲ್ಲಿ ಇಲ್ಲಿ ಎದೆಯೆತ್ತರಕ್ಕೆ ಮರದ ಹಲಗೆ, ಅದರ ಮೇಲೆ ಕೆತ್ತನೆಯ ಜಾಲರಿ ಇರುವ ತೆರೆ ಇತ್ತು. ತೆರೆಯ ಮೇಲೆ ಮನುಷ್ಯರು ನಡೆದಾಡುವಷ್ಟು ಅಗಲದ ಅಟ್ಟ. ಅಟ್ಟದ ಮೇಲೆ ದೊಡ್ಡ ಶಿಲುಬೆ, ಅದರ ಎರಡು ಪಕ್ಕ ಮಾತೆ ಮರಿಯ ಮತ್ತು ಸಂತ ಯೋಹಾನ. ಈ ಶಿಲುಬೆಗೆ ರೂಡ್ ಅಂತ ಹೆಸರು. ಎದುರಿಗೆ ದೀಪ ಉರಿಯುತ್ತಿತ್ತು. ಹಿಂದಿನ ಗೋಡೆಯ ಮೇಲೆ ಅಂತಿಮ ತೀರ್ಪಿನ ಚಿತ್ರ, ಅಂದರೆ ಲೋಕದ ಕೊನೆಯಲ್ಲಿ ಯಾರು ಸ್ವರ್ಗಕ್ಕೆ, ಯಾರು ನರಕಕ್ಕೆ ಅಂತ ತೀರ್ಮಾನವಾಗುವ ದೃಶ್ಯ. ಊರಿನ ಜನ ವಾರ ವಾರ ತಲೆಯೆತ್ತಿ ನೋಡುತ್ತಿದ್ದದ್ದು ಇದನ್ನೇ.

ಶಿಲುಬೆಗಳು ಎಡ್ವರ್ಡ್ ಕಾಲದಲ್ಲಿ ಹೋದವು. ನಡುವೆ ರಾಣಿ ಮೇರಿ ಐದು ವರ್ಷ ಹಳೆಯದನ್ನು ವಾಪಸ್ ತಂದಳು, ಮತ್ತೆ ಹೋದವು. 1561ರಲ್ಲಿ ಎಲಿಜಬೆತ್ ರಾಣಿ, ಅಟ್ಟ ಇಳಿಸಿ, ಕೆಳಗಿನ ತೆರೆ ಇರಲಿ ಅಂತ ಆಜ್ಞೆ ಮಾಡಿದಳು. ಹಾಗಾಗಿ ಈಗ ಸಿಗುವುದು ಗುರುತುಗಳು. ಕಮಾನಿನ ಪಕ್ಕದ ಗೋಡೆಯಲ್ಲಿ ಕೆಳಗೊಂದು ಕಿರಿದಾದ ಬಾಗಿಲು, ಒಳಗೆ ಸುರುಳಿ ಮೆಟ್ಟಿಲು, ಆಮೇಲೆ ಆಳೆತ್ತರಕ್ಕೂ ಮೇಲೆ ಗಾಳಿಗೆ ತೆರೆದ ಇನ್ನೊಂದು ಬಾಗಿಲು. ಮೊದಲ ಸಲ ನೋಡಿದವರಿಗೆ ಹುಚ್ಚರು ಕಟ್ಟಿದಂತೆ ಕಾಣುತ್ತದೆ. ಅಟ್ಟಕ್ಕೆ ಹತ್ತುವ ದಾರಿ ಅದು. ಅಟ್ಟ ಹೋಯಿತು, ಮೆಟ್ಟಿಲು ಉಳಿಯಿತು. ಈ ಜೋಡಿ ಬಾಗಿಲು ಹುಡುಕುವುದು ಅಭ್ಯಾಸವಾದರೆ ಪ್ರತಿ ಮೂರನೇ ಚರ್ಚ್‌ನಲ್ಲಿ ಕಾಣಿಸುತ್ತದೇನೋ ಅನ್ನಿಸುತ್ತದೆ.

ತೆರೆಯ ಹಲಗೆಗಳ ಮೇಲೆ ಸಂತರ ಚಿತ್ರ ಉಳಿದಿದ್ದರೆ ಮುಖ ನೋಡಿ. ಬಟ್ಟೆಯ ಚಿನ್ನದ ಹೂವಿನ ಕೆಲಸಕ್ಕೆ ಏನೂ ಆಗಿರುವುದಿಲ್ಲ, ಕಣ್ಣು ಬಾಯಿ ಮಾತ್ರ ಗೀರಿ ತೆಗೆದಿರುತ್ತಾರೆ. ಇದು ಸಿಟ್ಟಿನಲ್ಲಿ ಹೊಡೆದದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ಮುಖ ಹೋದರೆ ಅದು ಪೂಜಿಸುವ ವಸ್ತುವಲ್ಲ. ಸೌತ್‌ವೋಲ್ಡ್‌ನ ಸೇಂಟ್ ಎಡ್ಮಂಡ್ ಚರ್ಚ್‌ನಲ್ಲಿ 1500ರ ಆಸುಪಾಸಿನ ಇಂಥ ತೆರೆ ಚರ್ಚ್‌ನ ಅಡ್ಡಗಲಕ್ಕೂ ಇದೆ.

ಅಂತಿಮ ತೀರ್ಪಿನ ಚಿತ್ರಕ್ಕೆ ಬ್ಲೈತ್‌ಬರೋದಿಂದ ನಾಲ್ಕೈದು ಕಿಲೋಮೀಟರ್ ದೂರದ ವೆನ್‌ಹ್ಯಾಸ್ಟನ್‌ಗೆ ಹೋಗಲೇಬೇಕು. ಮರದ ಹಲಗೆಗಳ ಮೇಲೆ ಬರೆದ ಚಿತ್ರಕ್ಕೆ ಸುಣ್ಣ ಬಳಿದು ಮುಚ್ಚಿದ್ದರು. 1892ರಲ್ಲಿ ರಿಪೇರಿ ಮಾಡುವಾಗ ಬೇಡದ ಹಲಗೆ ಅಂತ ಕಿತ್ತು ಅಂಗಳದಲ್ಲಿ ಎಸೆದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ ಬೆಳಗ್ಗೆ ದೇವದೂತರು, ಸೈತಾನರು ಕಾಣಿಸಿಕೊಂಡರು. ಈಗ ಗೋಡೆಗೆ ನಿಲ್ಲಿಸಿದ್ದಾರೆ. ತಕ್ಕಡಿ ಹಿಡಿದು ಆತ್ಮ ತೂಗುವ ದೇವದೂತ ಮಿಖಾಯೇಲ, ಬಟ್ಟೆಯಿಲ್ಲದೆ ಬರೀ ಕಿರೀಟ ಟೋಪಿ ಹಾಕಿಕೊಂಡು ಸಂತ ಪೇತ್ರನ ಮುಂದೆ ನಿಂತ ರಾಜ ರಾಣಿ ಬಿಷಪ್ಪರು, ಎಲ್ಲ ಸೊಗಸು. ಆದರೆ ಮೊದಲು ನಡುವಿನ ಖಾಲಿ ಆಕಾರಗಳನ್ನು ನೋಡಿ. ದೊಡ್ಡ ಶಿಲುಬೆ, ಪಕ್ಕದಲ್ಲಿ ಎರಡು ನಿಂತ ಆಕೃತಿ. ವಿಗ್ರಹಗಳು ಹಲಗೆಗೆ ಆನಿಸಿದ್ದ ಕಡೆ ಬಣ್ಣವೇ ಹಚ್ಚಿರಲಿಲ್ಲ. ದೇಶದಲ್ಲೆಲ್ಲ ಹೋದ ಶಿಲುಬೆಗಳಲ್ಲಿ ಒಂದರ ಅಳತೆ ಹೀಗೆ ಸಿಕ್ಕಿದೆ.

ಏಳನೆಯದು: ಚಾನ್ಸೆಲ್‌ನ ಗೋಡೆಗಳು

ಇಲ್ಲಿ ಸುಮ್ನೆ ಪೀಠದ ಕಡೆ ನೋಡಿ ವಾಪಸ್ಸಾಗಬೇಡಿ. ಬಲಗಡೆ, ಅಂದರೆ ದಕ್ಷಿಣದ ಗೋಡೆಯಲ್ಲಿ, ಕಮಾನಿನ ಗೂಡಿನೊಳಗೆ ತೂತಿರುವ ಕಲ್ಲಿನ ಬಟ್ಟಲು ಇರುತ್ತದೆ. ಪಾದ್ರಿ ಬಲಿಪೂಜೆಯ ಪಾತ್ರೆ ತೊಳೆದ ನೀರು ಇಲ್ಲಿಂದ ಪವಿತ್ರ ನೆಲಕ್ಕೇ ಇಳಿಯಬೇಕಿತ್ತು. ಇದಕ್ಕೆ ಪಿಸಿನಾ ಎನ್ನುತ್ತಾರೆ. ಇದೇ ಥರದ ಬಟ್ಟಲು ಐಲ್‌ನ ಪೂರ್ವ ತುದಿಯಲ್ಲಿ ಸಿಕ್ಕಿದರೆ ಅಲ್ಲೂ ಒಂದು ಬಲಿಪೀಠ ಇತ್ತು ಅಂತ ತಿಳಿಯಿರಿ. ಪೀಠ ಹೋಗಿ 450 ವರ್ಷ ದಾಟಿದರೂ ಗೋಡೆಯ ಬಟ್ಟಲು ಸಾಕ್ಷಿ ಹೇಳುತ್ತದೆ. ಪಕ್ಕದಲ್ಲೇ ಮೂರು ಕಲ್ಲಿನ ಆಸನ ಇದ್ದರೆ ಅವು ಪಾದ್ರಿಗೂ ಸಹಾಯಕರಿಗೂ. ಎದುರು ಗೋಡೆಯಲ್ಲಿ, ಉತ್ತರಕ್ಕೆ, ಯೇಸುವಿನ ಸಮಾಧಿಯನ್ನು ನೆನೆಯುವ ಈಸ್ಟರ್ ಗೂಡು ಇರಬಹುದು. ಅತ್ಯುತ್ತಮವಾದದ್ದು ಲಿಂಕನ್‌ಶೈರ್‌ನ ಹೆಕಿಂಗ್ಟನ್‌ನಲ್ಲಿದೆ. ಅಲ್ಲಿ ಕೆಳಗೆ ಕಾವಲುಗಾರರು ತೂಕಡಿಸುತ್ತಿದ್ದಾರೆ.

ಕಮಾನಿನ ಪಕ್ಕದ ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿ ಸಿಕ್ಕಿದರೆ ಕಣ್ಣಿಟ್ಟು ನೋಡಿ. ಮುಖ್ಯ ಪೀಠಕ್ಕೆ ನೇರ ಕಾಣುತ್ತದೆ.

ಎಂಟನೆಯದು: ಗೋಡೆ, ನೆಲ, ಪೆಟ್ಟಿಗೆ

ಮಧ್ಯಯುಗದ ಗೋಡೆ ಬೋಳಾಗಿರಲಿಲ್ಲ, ಚಿತ್ರಮಯವಾಗಿತ್ತು. ಮುಖ್ಯ ಬಾಗಿಲಿನ ಎದುರು ಗೋಡೆಯಲ್ಲಿ ಕೆಂಪು ಗೆರೆಯ ದೊಡ್ಡ ಮನುಷ್ಯ ಮಸುಕಾಗಿ ಕಂಡರೆ ಅದು ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ನದಿ ದಾಟುವ ಸಂತ ಕ್ರಿಸ್ಟೋಫರ್, ಪ್ರಯಾಣಿಕರ ರಕ್ಷಕ. ದಯವಿಟ್ಟು ಮುಟ್ಟಬೇಡಿ, ಆ ಪದರ ಕೈ ತಾಗಿದರೂ ಉದುರುತ್ತದೆ.

ಚಿತ್ರ ಮುಚ್ಚಿದ ಮೇಲೆ ಅಕ್ಷರ ಬಂತು. ಹತ್ತು ಆಜ್ಞೆಗಳ ಫಲಕ, ರಾಜಲಾಂಛನ. ಪಾದ್ರಿ ನಿಂತು ಉಪದೇಶ ಮಾಡುವ ಪಲ್ಪಿಟ್ ಪಕ್ಕದಲ್ಲಿ ಕಬ್ಬಿಣದ ಸಣ್ಣ ಹಿಡಿಕೆ ಇದ್ದರೆ ಅದು ಮರಳು ಗಡಿಯಾರ ಇಡುವ ಜಾಗ. ನೆಲದ ಕಲ್ಲುಗಳಲ್ಲಿ ಮನುಷ್ಯನ ಆಕಾರದ ತಗ್ಗು ಕಂಡರೆ ಅಲ್ಲಿ ಸತ್ತವರ ಚಿತ್ರ ಕೊರೆದ ಹಿತ್ತಾಳೆ ತಗಡು ಕೂರಿಸಿದ್ದರು, ಕಿತ್ತು ಮಾರಿಕೊಂಡರು. ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಮರದ ಪೆಟ್ಟಿಗೆ ಇದ್ದರೆ ಬೀಗಗಳನ್ನು ಎಣಿಸಿ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ದಾಖಲೆ ಇಡಬೇಕು ಅಂತ 1538ರಲ್ಲಿ ಆದೇಶವಾದಾಗ ಎರಡು ಬೀಗ ಹೇಳಿದ್ದರು. 1603ರ ನಿಯಮದಲ್ಲಿ ಮೂರಾಯಿತು. ಬೀಗದ ಕೈ ಪಾದ್ರಿಗೆ ಒಂದು, ಊರಿನ ಪರವಾಗಿ ಚರ್ಚ್ ನೋಡಿಕೊಳ್ಳುವ ಚರ್ಚ್‌ವಾರ್ಡನ್‌ಗಳಿಬ್ಬರಿಗೆ ಒಂದೊಂದು. ಒಬ್ಬರನ್ನೊಬ್ಬರು ನಂಬದಿರುವುದು ಒಳ್ಳೆಯ ಲೆಕ್ಕಪತ್ರಕ್ಕೆ ಬೇಕಾದದ್ದೇ ಅಲ್ವಾ?

19ನೇ ಶತಮಾನವನ್ನು ಗುರುತಿಸಿ

ಮೆರುಗಿನ ಚಿತ್ತಾರದ ಟೈಲ್ಸ್ ನೆಲ, ಒಂದೇ ಅಳತೆಯ ಪೈನ್ ಮರದ ಬೆಂಚು, ಗಾರೆ ಕೆರೆದು ಕಲ್ಲು ಕಾಣಿಸಿದ ಒಳಗೋಡೆ, ಕಡುನೀಲಿ ಕಡುಕೆಂಪಿನ ಗಾಜು. ಇಷ್ಟಿದ್ದರೆ ವಿಕ್ಟೋರಿಯಾ ಕಾಲದ ಕೈ ಬಿದ್ದಿದೆ. ಅವರು ಎಷ್ಟೋ ಚಾವಣಿಗಳನ್ನು ಬೀಳದಂತೆ ಉಳಿಸಿದರು, ಅದೂ ನಿಜ. ಆದರೆ ಮಧ್ಯಯುಗ ಹೀಗಿತ್ತು ಅಂತ ತಾವು ಅಂದುಕೊಂಡಿದ್ದಕ್ಕೆ ಹೊಂದದ ಎಲ್ಲವನ್ನೂ ಎಸೆದರು. ಇದಕ್ಕೆ ಸಿಟ್ಟಾಗಿಯೇ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. 1881ರಲ್ಲಿ ಬ್ಲೈತ್‌ಬರೋ ಚರ್ಚ್ ಬೀಳುವಂತಾಗಿ ಬಾಗಿಲು ಹಾಕಿದಾಗ ಆ ಸಂಘ ಮಧ್ಯೆ ಬಂತು. ಇಂದು ಆ ಚಾವಣಿಯಲ್ಲಿ ಹಳೆಯ ಬಣ್ಣ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ.

ಹಳೆಯ ಗಾಜು ಬೇಕೇ ಬೇಕು ಅನ್ನುವವರು ಗ್ಲೌಸ್ಟರ್‌ಶೈರ್‌ನ ಫೇರ್‌ಫರ್ಡ್‌ಗೆ ಹೋಗಿ. 1500ರ ನಂತರದ ವರ್ಷಗಳಲ್ಲಿ ಮಾಡಿಸಿದ 28 ಕಿಟಕಿಗಳ ಪೂರ್ತಿ ಸರಣಿ ಅಲ್ಲಿದೆ. ಬೇರೆ ಕಡೆ ಕಿಟಕಿಯ ತುತ್ತತುದಿಯಲ್ಲಿ ಹುಡುಕಿ. ಕಲ್ಲು ಎಸೆದರೂ ತಲುಪದ ಆ ಎತ್ತರದಲ್ಲಿ ಒಂದು ರೆಕ್ಕೆ, ಒಂದು ಕೈ, ಅರ್ಧ ಕಿರೀಟ ಉಳಿದಿರುತ್ತದೆ.

ಒಂದು ದಿನದ ದಾರಿ

ಬೇಸಿಗೆಯಲ್ಲಿ ಸೌತ್‌ವೋಲ್ಡ್‌ನಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ, ಹಾಗಾಗಿ ಅಲ್ಲಿಂದಲೇ ಬೆಳಗ್ಗೆ ಶುರು ಮಾಡಿ, ತೆರೆ ನೋಡಿ. ಅಲ್ಲಿಂದ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿ ಬ್ಲೈತ್‌ಬರೋ. ಕಡಿಮೆ ಎಂದರೂ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಊಟ ಆದ ಮೇಲೆ ವೆನ್‌ಹ್ಯಾಸ್ಟನ್, ವಾಪಸ್ ಬರುವಾಗ ಎ12 ಬಿಟ್ಟು ಸ್ವಲ್ಪ ಒಳಗೆ ಅಫರ್ಡ್. ಕಾರ್ ಇಲ್ಲದವರಿಗೆ ಇಪ್ಸ್‌ವಿಚ್-ಲೋಸ್ಟಾಫ್ಟ್ ರೈಲಿನಲ್ಲಿ ಹೇಲ್ಸ್‌ವರ್ತ್ ಅಥವಾ ಡಾರ್ಶಮ್ ನಿಲ್ದಾಣ ಹತ್ತಿರ. ಮುಂದಕ್ಕೆ ಸೈಕಲ್ ಅಥವಾ ಟ್ಯಾಕ್ಸಿ ಆಗಬೇಕು.

ಪ್ರವೇಶ ಶುಲ್ಕ ಇರುವುದಿಲ್ಲ. ಆದರೆ ಸೀಸದ ಚಾವಣಿಯ ರಿಪೇರಿಗೆ ಲಕ್ಷಗಟ್ಟಲೆ ಪೌಂಡ್ ಬೇಕು, ಕೊಡುವವರು ಹಳ್ಳಿಯ ನಾಲ್ಕು ಜನ. ಬಾಗಿಲ ಬಳಿ ಡಬ್ಬಿ ಇರುತ್ತದೆ, ಈಗೀಗ ಕಾರ್ಡ್ ತಾಗಿಸುವ ಯಂತ್ರವೂ ಇರುತ್ತದೆ. ಒಬ್ಬರಿಗೆ ಐದು ಪೌಂಡ್ ಹಾಕಿದರೆ ಮರ್ಯಾದೆ. ಹೋಗುವಾಗ ಬಾಗಿಲು ಸರಿಯಾಗಿ ಎಳೆದುಕೊಳ್ಳಿ. ತೆರೆದು ಬಿಟ್ಟರೆ ಹಕ್ಕಿ ಒಳಗೆ ಸೇರಿ ಹೊರಗೆ ಹೋಗಲು ಗೊತ್ತಾಗದೆ ಸಾಯುತ್ತವೆ.